ಮೊದಲ ಕಾದಂಬರಿ ಬರೆಯುವವರಿಗೆ: ಎರಡನೇ ಅಧ್ಯಾಯಕ್ಕೆ ಹೋಗುವ ದಾರಿ

ನನ್ನ ಮೊದಲ ಕಾದಂಬರಿಯ ಮೊದಲ ಅಧ್ಯಾಯವನ್ನು ಹನ್ನೊಂದು ಸಲ ಬರೆದಿದ್ದೆ. ಎರಡನೇ ಅಧ್ಯಾಯವನ್ನು ಒಂದು ಸಲವೂ ಬರೆದಿರಲಿಲ್ಲ. ಹೀಗೇ ಎರಡು ವರ್ಷ ಹೋಯಿತು. ಅಷ್ಟರಲ್ಲಿ "ಕಾದಂಬರಿ ಬರೀತಾವ್ನಂತೆ" ಅನ್ನುವ ಸುದ್ದಿ ಮಾತ್ರ ಹಬ್ಬಿಬಿಟ್ಟಿತ್ತು. ತಿಪಟೂರಿನ ಕಡೆ ಯಾವ ಮದುವೆಗೆ ಹೋದರೂ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು "ಎಲ್ಲೀಗಂಟ ಬಂತಪ್ಪ?" ಅಂತ ಕೇಳೋರು. ಎಲೆಯ ಮೇಲಿನ ಪಾಯಸ ನೋಡಿಕೊಂಡು "ನಡೀತಾ ಐತೆ" ಅನ್ನುತ್ತಿದ್ದೆ.

ಆಮೇಲೆ ಹೇಗೋ ಮುಗಿಸಿದೆ. 184 ಪುಟದ ಪುಸ್ತಕ. ಮಹಾಕೃತಿ ಏನಲ್ಲ. ಆದರೆ ಮೊದಲ ಕಾದಂಬರಿಗೆ ಕೈಹಾಕಿದವರು ಎಲ್ಲೆಲ್ಲಿ ಮುಗ್ಗರಿಸುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅಷ್ಟೂ ಗುಂಡಿಗೆ ಬಿದ್ದು ಎದ್ದವನು ನಾನು. ಕೆಲಸ, ಮನೆ, ತೋಟ ಎಲ್ಲ ನೋಡಿಕೊಂಡು ಬರೆಯಲು ಕೂತಿರುವವರಿಗಾಗಿ ಒಂದೊಂದೇ ಹಂತವಾಗಿ ಹೇಳುತ್ತಾ ಹೋಗುತ್ತೇನೆ.

1. ಮೊದಲು ಕಥೆಯನ್ನು ಕಡಿಯಿರಿ

ನಾನು ಕಂಡ ಹೊಸಬರಲ್ಲಿ ಹೆಚ್ಚಿನವರು ಮೂರು ತಲೆಮಾರಿನ ಕಥೆಯಿಂದಲೇ ಶುರು ಮಾಡುತ್ತಾರೆ. ನಾನೂ ಅಷ್ಟೆ. ತಾತ ಬಾವಿ ತೋಡುವುದರಿಂದ ಹಿಡಿದು ಮೊಮ್ಮಗ ಪೀಣ್ಯದ ಫ್ಯಾಕ್ಟರಿ ಸೇರುವವರೆಗೆ. ನಡುವೆ ಸ್ವಾತಂತ್ರ್ಯ, ಉಳುವವನೇ ಹೊಲದೊಡೆಯ, ತುರ್ತು ಪರಿಸ್ಥಿತಿ, ಕೊಬ್ಬರಿ ಬೆಲೆ ಬಿದ್ದದ್ದು, ಬರ. ನನ್ನ ಟಿಪ್ಪಣಿ ನೋಡಿದರೆ ಪಿಯುಸಿ ಇತಿಹಾಸದ ಪುಸ್ತಕದ ಪರಿವಿಡಿಯ ಹಾಗಿತ್ತು.

ಒಂದು ಸಂಜೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಈ ಮಹಾಗಾಥೆಯನ್ನು ಗೆಳೆಯನೊಬ್ಬನಿಗೆ ಮುಕ್ಕಾಲು ಗಂಟೆ ಹೇಳಿದೆ. ಅವನು ಸಾಹಿತ್ಯದವನಲ್ಲ, ಗೊಬ್ಬರದ ಅಂಗಡಿಯವನು. ಎಲ್ಲ ಕೇಳಿ, "ಸರಿ, ಇದ್ರಲ್ಲಿ ಯಾರಿಗೆ ಏನ್ ಬೇಕಾಗಿದೆ?" ಅಂದ. "ಎಲ್ಲರಿಗೂ ನೆಮ್ಮದಿ ಬೇಕು" ಅಂದೆ. "ನೆಮ್ಮದಿ ಯಾವ ಅಂಗಡೀಲೂ ಸಿಗಲ್ಲ. ಕೇಳಿದ್ರೆ ಕೊಡೋಕಾಗೋ ಅಂಥದ್ದು ಏನ್ ಬೇಕು ಹೇಳು" ಅಂದ.

ನನ್ನ ಕಾದಂಬರಿ ಶುರುವಾದದ್ದು ಆ ಸಂಜೆ ಅಂತ ಈಗ ಅನ್ನಿಸುತ್ತದೆ. ನಾಲ್ಕು ದಶಕ ಕಡಿದು ಒಂದು ಬೇಸಿಗೆಗೆ ಇಳಿಸಿದೆ. ಇಬ್ಬರು ಅಣ್ಣತಮ್ಮಂದಿರು, ಒಂದು ಬೋರ್‌ವೆಲ್. ತೋಟ ಭಾಗವಾಗಿದೆ, ಬೋರು ಭಾಗವಾಗಿಲ್ಲ. ಮೋಟಾರು ಓಡಲು ಬೇಕಾದ ತ್ರೀ ಫೇಸ್ ಕರೆಂಟು ಬರುವುದು ಗಂಟೆ ಲೆಕ್ಕದಲ್ಲಿ, ಕೆಲವು ದಿನ ಹಗಲು, ಕೆಲವು ದಿನ ನಡುರಾತ್ರಿ. ಸಿಗುವ ನೀರು ಒಬ್ಬನಿಗೆ ಸಾಕು, ಇಬ್ಬರಿಗೆ ಸಾಲದು. ತಾತ, ಬಾವಿ, ಬರ, ಪೀಣ್ಯ ಯಾವುದೂ ಬಿಟ್ಟುಹೋಗಲಿಲ್ಲ. ಜಗಳದ ಮಾತಿನ ನಡುವೆ ಒಂದೊಂದು ಸಾಲಾಗಿ ತಾವೇ ಬಂದು ಕೂತವು.

ನೀವು ಮಾಡಬೇಕಾದ್ದು ಇಷ್ಟು. ಒಂದು ಬಸ್ ಟಿಕೆಟ್ ತೆಗೆದುಕೊಳ್ಳಿ. ಅದರ ಹಿಂದೆ ನಾಲ್ಕು ಸಂಗತಿ ಬರೆಯಿರಿ: ಯಾರು, ಅವರಿಗೆ ಏನು ಬೇಕು, ಅಡ್ಡ ಯಾರು, ಯಾವಾಗಿನೊಳಗೆ ಆಗಬೇಕು. ನನ್ನದು ಹೀಗಿತ್ತು: "ಭರಣಿ ಮಳೆ ಬೀಳುವವರೆಗೆ ಚಿಕ್ಕವನು ಅರವತ್ತು ತೆಂಗಿನ ಸಸಿ ಉಳಿಸಿಕೊಳ್ಳಬೇಕು, ದೊಡ್ಡವನು ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿದ್ದಾನೆ." ಟಿಕೆಟ್ಟಿನಲ್ಲಿ ಹಿಡಿಸದಿದ್ದರೆ ಇನ್ನೂ ಕಡಿಯಿರಿ.

2. ಲೆಕ್ಕ ಹಾಕಿ, ಆದರೆ ಕನ್ನಡದ ಲೆಕ್ಕ

ನಮ್ಮಲ್ಲಿ ಕಾದಂಬರಿಗಳು ಹೆಚ್ಚಾಗಿ 1/8 ಡೆಮಿ ಆಕಾರದಲ್ಲಿ, ಅಂದರೆ ಸುಮಾರು ಐದೂವರೆಗೆ ಎಂಟೂವರೆ ಇಂಚಿನಲ್ಲಿ, ಅಚ್ಚಾಗುತ್ತವೆ. ಒಂದು ಪುಟಕ್ಕೆ ಸುಮಾರು 220ರಿಂದ 250 ಪದ ಹಿಡಿಯುತ್ತದೆ. 180 ಪುಟದ ಪುಸ್ತಕ ಅಂದರೆ 40ರಿಂದ 45 ಸಾವಿರ ಪದ. ದಿನಕ್ಕೆ 300 ಪದದಂತೆ ಬರೆದರೆ 150 ದಿನ. ಹಬ್ಬ, ಜ್ವರ, ಮದುವೆ, ಬಸವನ ಜಾತ್ರೆ ಎಲ್ಲ ಸೇರಿಸಿ ಎಂಟು ತಿಂಗಳು ಅಂತ ಇಟ್ಟುಕೊಳ್ಳಿ.

ಇಂಗ್ಲಿಷ್ ಬರಹಗಾರರ ಸಲಹೆ ಓದಿ "ದಿನಕ್ಕೆ ಸಾವಿರ ಪದ" ಅಂತ ಹಟ ಹಿಡಿಯಬೇಡಿ. ನಾನು ಹಿಡಿದು ಹನ್ನೆರಡನೇ ದಿನಕ್ಕೆ ಮಲಗಿದೆ. ಅವರು ಐದಾರು ಪದದಲ್ಲಿ ಹೇಳುವುದನ್ನು ನಾವು "ಬರಬೇಕಾಗಿತ್ತಲ್ಲವೇ" ಅಂತ ಒಂದೇ ಪದಕ್ಕೆ ಕಟ್ಟುತ್ತೇವೆ. ನಮ್ಮ 300 ಚಿಲ್ಲರೆ ಏನಲ್ಲ.

3. ಹೊತ್ತು ಕದಿಯಿರಿ, ಬಾಯಿ ಮುಚ್ಚಿಕೊಳ್ಳಿ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ದಿನಾ ರೈಲಿನಲ್ಲಿ ಓಡಾಡುವವರಿಗೆ ಗೊತ್ತು, ಸೀಟು ಸಿಕ್ಕರೆ ಅದೊಂದು ಬರೆಯುವ ಕೋಣೆ. ನನ್ನ ಕಾದಂಬರಿಯ ಅರ್ಧದಷ್ಟು ಹಿರೇಹಳ್ಳಿಗೂ ಚಿಕ್ಕಬಾಣಾವರಕ್ಕೂ ನಡುವೆ ಫೋನಿನಲ್ಲಿ ಟೈಪಾದದ್ದು. ಸೀಟು ಸಿಗದ ದಿನ ನಿಂತುಕೊಂಡೇ ಅಕ್ಕಪಕ್ಕದವರ ಮಾತು ಕೇಳಿಸಿಕೊಳ್ಳುತ್ತಿದ್ದೆ. ಅದೂ ಕೆಲಸವೇ.

ಬರೆಯುವ ಮುಂಚೆ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗಬೇಡಿ. ನಾಲ್ಕು ಜನಕ್ಕೆ ಹೇಳಿ "ವ್ಹಾ" ಅನ್ನಿಸಿಕೊಂಡ ಮೇಲೆ ಬರೆಯುವ ಚಪಲವೇ ಇಂಗಿಹೋಗುತ್ತದೆ. ಮನೆಯಲ್ಲಿ ಕೇಳಿದರೆ ಆಫೀಸಿನ ಲೆಕ್ಕ ಅನ್ನಿ.

4. ಹಿಂದಕ್ಕೆ ಹೋಗಬೇಡಿ

ಹನ್ನೊಂದು ಸಲ ಯಾಕೆ ಬರೆದೆ? ಪ್ರತಿದಿನ ಮೊದಲಿನಿಂದ ಓದಿ, ತಿದ್ದಿ, ಆಮೇಲೆ ಮುಂದುವರಿಯೋಣ ಅಂತ ಕೂರುತ್ತಿದ್ದೆ. ತಿದ್ದುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ತಿದ್ದುವುದರಲ್ಲಿ ಒಂದು ಸುಖವಿದೆ, ಕೆಲಸ ಮಾಡಿದ ಹಾಗೆ ಅನ್ನಿಸುತ್ತದೆ. ಪುಟ ಮಾತ್ರ ಏರುವುದಿಲ್ಲ.

ಇದಕ್ಕೆ ನಾನು ಮಾಡಿಕೊಂಡ ಕಟ್ಟುಪಾಡು: ನಿನ್ನೆ ಬರೆದ ಕೊನೆಯ ಪ್ಯಾರಾ ಮಾತ್ರ ಓದುವುದು. ಅದಕ್ಕಿಂತ ಹಿಂದಿನದು ಕಣ್ಣಿಗೇ ಬೀಳದ ಹಾಗೆ ಪ್ರತಿ ಅಧ್ಯಾಯಕ್ಕೂ ಬೇರೆ ಫೈಲು. ಹಿಂದೆ ಏನೋ ಬದಲಾಗಬೇಕು ಅಂತ ಹೊಳೆದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ("ಅಮ್ಮನಿಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು ಅಂತ ಮಾಡು"), ಅದು ಆಗಲೇ ತಿದ್ದಿಯಾಗಿದೆ ಅಂದುಕೊಂಡು ಮುಂದಕ್ಕೆ ನಡೆಯುವುದು. ಗೊತ್ತಿಲ್ಲದ ವಿವರ ಬಂದಾಗ "ಇಲ್ಲಿ ಮೋಟಾರು ಸುಟ್ಟದ್ದು ಹೇಗೆ ಅಂತ ಕೇಳಿ ಬರೆ" ಎಂದು ದಪ್ಪ ಅಕ್ಷರದಲ್ಲಿ ಹಾಕಿ ದಾಟುವುದು.

ಇನ್ನೊಂದು. ದಿನದ ಬರಹವನ್ನು ದೃಶ್ಯ ಮುಗಿದಲ್ಲಿ ನಿಲ್ಲಿಸಬೇಡಿ, ನಡುವೆ ನಿಲ್ಲಿಸಿ. ತಮ್ಮ ಬಾಗಿಲು ತಟ್ಟಿದ, ಒಳಗಿನಿಂದ ಲೈಟು ಹತ್ತಿತು, ಅಲ್ಲಿಗೆ ಫೋನು ಜೇಬಿಗೆ. ಮಾರನೇ ದಿನ ಏನು ಬರೆಯಬೇಕು ಅಂತ ಹುಡುಕುವ ಸಂಕಟವೇ ಇರುವುದಿಲ್ಲ, ಬಾಗಿಲು ತೆಗೆಯಬೇಕಷ್ಟೆ.

5. ಮಾತು: ಇಲ್ಲಿ ಸಾವಧಾನವಾಗಿ ಕೂರಿ

ಹೊಸಬರ ಕಾದಂಬರಿ ಸಾಯುವುದು ಹೆಚ್ಚಾಗಿ ಸಂಭಾಷಣೆಯಲ್ಲಿ. ನನ್ನ ಹನ್ನೊಂದು ಆವೃತ್ತಿಗಳಲ್ಲೂ ಅಣ್ಣತಮ್ಮಂದಿರು ಆಕಾಶವಾಣಿ ನಾಟಕದವರ ಹಾಗೆ ಮಾತಾಡುತ್ತಿದ್ದರು. ನಾಚಿಕೆ ಬಿಟ್ಟು ತೋರಿಸುತ್ತೇನೆ:

"ಅಣ್ಣಾ, ಈ ರಾತ್ರಿ ನನ್ನ ಸರದಿ ಅಲ್ಲವೇ? ನೀನೇಕೆ ಮೋಟಾರನ್ನು ಚಾಲನೆ ಮಾಡಿದೆ? ನನಗೆ ಬಹಳ ನೋವಾಗಿದೆ" ಎಂದು ಅವನು ಕೋಪದಿಂದ ನುಡಿದನು.

ಇದರಲ್ಲಿ ಭಾಷೆ ಸುಳ್ಳು ಅನ್ನುವುದು ಮೇಲಿನ ತಪ್ಪು. ಒಳಗಿನ ತಪ್ಪು ಬೇರೆ. ನಮ್ಮ ಕಡೆ ಯಾರೂ ಮನಸ್ಸಿನಲ್ಲಿರುವುದನ್ನು ಹೀಗೆ ಸಾಲಾಗಿ ಬಿಚ್ಚಿಡುವುದಿಲ್ಲ. ಅಣ್ಣತಮ್ಮಂದಿರಂತೂ ಜಗಳವನ್ನು ಬೇರೆ ಯಾವುದೋ ವಿಷಯದ ಮೇಲೆ ಆಡುತ್ತಾರೆ. ಅಚ್ಚಾದದ್ದು ಹೀಗೆ:

"ಇವತ್ತು ಯಾರ್ದು ಪಾಳಿ?"

ದೊಡ್ಡವನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ಮುಚ್ಚಿದ. "ಊಟ ಆಯ್ತೇನ್ಲಾ?"

"ಪಾಳಿ ಯಾರ್ದು ಅಂದೆ."

"ಅವ್ವಂಗೆ ಮಾತ್ರೆ ತಂದ್ಯಾ?"

ಕೋಪ ಅನ್ನುವ ಪದವೇ ಇಲ್ಲ. ಆದರೂ ಇದನ್ನು ಓದಿ ನನ್ನ ಚಿಕ್ಕಪ್ಪನ ಮಗ "ಇವನ್ ಕಪಾಳಕ್ ಬಾರಿಸ್ಬೇಕು" ಅಂದ. ಮಾತು ತಪ್ಪಿಸಿಕೊಳ್ಳುವುದೂ ಮಾತೇ. ನಿಮ್ಮ ಸಂಭಾಷಣೆಯಲ್ಲಿ ಕೇಳಿದ ಪ್ರಶ್ನೆಗೆಲ್ಲ ನೇರ ಉತ್ತರ ಇದ್ದರೆ ಅರ್ಧ ಉತ್ತರ ಹೊಡೆದುಹಾಕಿ ನೋಡಿ.

ಇನ್ನು ಆಡುನುಡಿಯ ಕಷ್ಟ. ಜಿಲ್ಲೆ ಒಂದೇ ಆದರೂ ಮಾತು ಒಂದಲ್ಲ. ಬಹುಪಾಲು ಆಂಧ್ರವೇ ಸುತ್ತಿಕೊಂಡಿರುವ ಪಾವಗಡದಲ್ಲಿ ತೆಲುಗು ಸಲೀಸು. ಅಲ್ಲಿಯವನ ಬಾಯಿಗೆ ತುರುವೇಕೆರೆ ಮಾತು ಹಾಕಿದರೆ ಓದುವವರು ಅಲ್ಲೇ ಹಿಡಿಯುತ್ತಾರೆ. ನಿಮ್ಮ ಕಿವಿಯಲ್ಲಿ ಚಿಕ್ಕಂದಿನಿಂದ ಬಿದ್ದ ಮಾತನ್ನೇ ಬರೆಯಿರಿ, ಬೇರೆಯದನ್ನು ಕಡ ತರಬೇಡಿ.

ಬರವಣಿಗೆಯಲ್ಲಿ ಒಂದು ಪಟ್ಟಿ ಮಾಡಿಕೊಳ್ಳಿ: "ಬರ್ತೀನಿ" ಅನ್ನುತ್ತೀರೋ "ಬತ್ತೀನಿ" ಅನ್ನುತ್ತೀರೋ, "ಹೋಗು" ಯಾರ ಬಾಯಲ್ಲಿ, "ಓಗು" ಯಾರ ಬಾಯಲ್ಲಿ. ಒಬ್ಬ ಪಾತ್ರ ಹತ್ತನೇ ಪುಟದಲ್ಲಿ ಒಂದು ಥರ, ಐವತ್ತನೇ ಪುಟದಲ್ಲಿ ಇನ್ನೊಂದು ಥರ ಮಾತಾಡಬಾರದು. ಎಲ್ಲ ಹಕಾರವನ್ನೂ ಕಿತ್ತುಹಾಕುವುದೂ ಬೇಡ, ಓದಲು ಆಯಾಸ. ನಾಲ್ಕೈದು ಗುರುತು ಸಾಕು, ಉಳಿದದ್ದನ್ನು ಓದುಗರ ಕಿವಿ ತುಂಬಿಕೊಳ್ಳುತ್ತದೆ. ಕೂಲಿಯವರಿಗೆ ಮಾತ್ರ ಆಡುನುಡಿ ಕೊಟ್ಟು ಮೇಷ್ಟರಿಗೂ ನಿರೂಪಕನಿಗೂ ಇಸ್ತ್ರಿ ಮಾಡಿದ ಕನ್ನಡ ಕೊಡುವ ಚಾಳಿ ನಮ್ಮಲ್ಲಿದೆ. ಅದು ಬರೆಯುವವನು ಎಲ್ಲಿ ಕೂತು ನೋಡುತ್ತಿದ್ದಾನೆ ಅನ್ನುವುದನ್ನು ಬಯಲು ಮಾಡುತ್ತದೆ. ನಮ್ಮೂರ ಮೇಷ್ಟರೂ ತೋಟದಲ್ಲಿ "ಯಾಕ್ಲಾ" ಅಂತಲೇ ಕೂಗುತ್ತಿದ್ದರು.

ಫೋನಿಗೆ ಹೇಳಿ ಬರೆಸುವವರಿಗೆ ಒಂದು ಎಚ್ಚರಿಕೆ. ನಾನು "ಓಗ್ಲಾ" ಅಂದರೆ ನನ್ನ ಫೋನು "ಹೋಗಲ್ಲ" ಅಂತ ಬರೆಯಿತು. ಗದರುತ್ತಿದ್ದ ಅಣ್ಣ ಹಟ ಹಿಡಿದ ಮಗುವಾಗಿಬಿಟ್ಟ. ವಿವರಣೆ ಬೇಕಾದರೆ ಹೇಳಿ ಬರೆಸಿ, ಸಂಭಾಷಣೆ ಕೈಯಲ್ಲೇ ಟೈಪ್ ಮಾಡಿ.

6. ನಡುವಿನ ಹೂಳು

ನನಗೆ ಹದಿನೈದು ಸಾವಿರ ಪದದ ಹತ್ತಿರ ಕಥೆ ಹೂತುಹೋಯಿತು. ಶುರುವಿನ ಉಮೇದು ಇಳಿದಿದೆ, ಕೊನೆ ಕಾಣುತ್ತಿಲ್ಲ, ಇದೇ ಹೊತ್ತಿಗೆ ಇನ್ನೊಂದು ಹೊಸ ಕಾದಂಬರಿಯ ಆಸೆ ಹುಟ್ಟುತ್ತದೆ. ಆ ಹೊಸದು ಯಾವಾಗಲೂ ಚೆಂದವಾಗೇ ಕಾಣುತ್ತದೆ, ಯಾಕೆಂದರೆ ಅದನ್ನಿನ್ನೂ ಬರೆದಿಲ್ಲ. ಹೆಸರು ಬರೆದಿಟ್ಟು ಅದರ ಬಾಗಿಲು ಮುಚ್ಚಿ.

ನಾನು ಮಾಡಿದ್ದು: ಬರೆದ ದೃಶ್ಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಜಗುಲಿಯ ಮೇಲೆ ಸಾಲಾಗಿ ಇಟ್ಟೆ. ಎರಡು ಚೀಟಿಯ ನಡುವೆ "ಆಮೇಲೆ" ಅಂತ ಬರುತ್ತದೋ "ಅದಕ್ಕೇ" ಅಂತ ಬರುತ್ತದೋ ಓದಿ ನೋಡಿದೆ. ಅಣ್ಣ ಬೀಗ ಹಾಕಿದ, ಅದಕ್ಕೇ ತಮ್ಮ ಟ್ಯಾಂಕರ್ ನೀರು ಹೊಡೆಸಿದ, ಅದಕ್ಕೇ ಹೆಂಡತಿಯ ಸರ ಅಡವಿಟ್ಟ. ಇಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಜಾತ್ರೆ ಬಂತು, ಆಮೇಲೆ ಪಂಚಾಯ್ತಿ ಚುನಾವಣೆ ಬಂತು, ಆಮೇಲೆ ಮದುವೆ. ಮೂರು "ಆಮೇಲೆ" ಒಟ್ಟಿಗೆ ಸಿಕ್ಕಿದ ಜಾಗದಲ್ಲೇ ನಾನು ನಿಂತುಹೋಗಿದ್ದೆ. ಜಾತ್ರೆ ಅಧ್ಯಾಯ, ಹದಿನಾಲ್ಕು ಪುಟ, ತೇರಿನ ವರ್ಣನೆ ಎಲ್ಲ ಸೇರಿ, ತೆಗೆದುಹಾಕಿದೆ. ಸಂಕಟವಾಯಿತು, ಒಳ್ಳೆಯ ಪುಟಗಳವು. ಮಾರನೇ ದಿನ ಕಥೆ ತಾನೇ ಹರಿಯಿತು.

7. ಗೊತ್ತಿದೆ ಅಂದುಕೊಂಡದ್ದನ್ನೇ ಕೇಳಿ

ಗೊತ್ತಿಲ್ಲದ್ದನ್ನು ಹೇಗೂ ವಿಚಾರಿಸುತ್ತೀರಿ. ಮಾನ ಹೋಗುವುದು ಗೊತ್ತಿದ್ದದ್ದರಲ್ಲಿ. ಅಣ್ಣತಮ್ಮಂದಿರ ಬಾಲ್ಯದ ಒಂದು ನೆನಪಿನಲ್ಲಿ, 1985ರ ಸುಮಾರು, ಅಪ್ಪ ನುಸಿ ಬಿದ್ದ ಕಾಯಿ ಹಿಡಿದು ಕೊರಗುತ್ತಾ ಕೂತಿರುವ ಚಿತ್ರ ಬರೆದಿದ್ದೆ. ನನಗೆ ಬಹಳ ಇಷ್ಟದ ಪುಟ. ಕರಡು ಓದಿದ ಹಿರಿಯ ರೈತರೊಬ್ಬರು ಕನ್ನಡಕ ತೆಗೆದು, "ಆವಾಗ ನುಸಿ ಎಲ್ಲಿತ್ತಪ್ಪ?" ಅಂದರು. ಹುಡುಕಿ ನೋಡಿದರೆ ತೆಂಗಿನ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ಇತ್ತ ಕಡೆ ಹಬ್ಬಿದ್ದು. ನಮ್ಮ ತೋಟದ ನನ್ನದೇ ನೆನಪನ್ನು ಹದಿಮೂರು ವರ್ಷ ಹಿಂದಕ್ಕೆ ಎಳೆದುಬಿಟ್ಟಿದ್ದೆ. ಕಪ್ಪು ತಲೆ ಹುಳುವಿಗೆ ಬದಲಾಯಿಸಿ ಬಚಾವಾದೆ.

ಕೇಳುವಾಗ "ಕಾದಂಬರಿಗೆ ಬೇಕಿತ್ತು" ಅನ್ನಬೇಡಿ, ಜನ ಭಾಷಣ ಶುರುಮಾಡುತ್ತಾರೆ. "ಆ ಮೋಟಾರು ಸುಟ್ಟ ದಿನ ಮೊದಲು ಏನ್ ವಾಸನೆ ಬಂತು?" ಅನ್ನಿ. ವೈಂಡಿಂಗ್ ಅಂಗಡಿಯವರೊಬ್ಬರು ಈ ಒಂದು ಪ್ರಶ್ನೆಗೆ ಇಪ್ಪತ್ತು ನಿಮಿಷ ಮಾತಾಡಿದರು. ಆ ಅಧ್ಯಾಯ ಪೂರ್ತಿ ಅವರದೇ.

ಹೆಸರುಗಳನ್ನೂ ಒಮ್ಮೆ ನೋಡಿಕೊಳ್ಳಿ. ಸಿದ್ದಪ್ಪ, ಸಿದ್ದಲಿಂಗ, ಸಿದ್ದಗಂಗಮ್ಮ ಒಂದೇ ಮನೆಯಲ್ಲಿರುವುದು ನಮ್ಮ ಜಿಲ್ಲೆಯಲ್ಲಿ ಸಹಜ. ಕಾದಂಬರಿಯಲ್ಲಿ ಓದುಗರು ತಲೆ ಚಚ್ಚಿಕೊಳ್ಳುತ್ತಾರೆ.

8. ಅಟ್ಟಕ್ಕೆ ಹಾಕಿ

ಕೊಬ್ಬರಿ ಮಾಡುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಿತ್ತ ಕಾಯನ್ನು ಆಗಲೇ ಒಡೆಯುವುದಿಲ್ಲ, ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ತಿಂಗಳುಗಟ್ಟಲೆ ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಗಡಗಡ ಅಂದಾಗ ಇಳಿಸಿ ಸುಲಿಯುವುದು. ಆತುರಪಟ್ಟು ನಡುವೆ ಒಡೆದರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಕರಡು ಮುಗಿದ ರಾತ್ರಿಯೇ ಪ್ರಕಾಶಕರಿಗೆ ಕಳಿಸಬೇಡಿ. ಆರು ವಾರ ಮುಟ್ಟಬೇಡಿ. ಆಮೇಲೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು, ಬಾಯಿಬಿಟ್ಟು ಓದಿ. ಪರದೆಯಲ್ಲಿ ಕಾಣದ ತಪ್ಪು ಬಾಯಿಗೆ ಸಿಗುತ್ತದೆ. ನಾಲಿಗೆ ತಡವರಿಸಿದ ಪ್ರತಿ ಸಾಲಿಗೂ ಗೆರೆ ಎಳೆಯಿರಿ. ನಾನು ಮೊದಲ ಅಧ್ಯಾಯ ತಿದ್ದಿದ್ದು ಆಗ. ತಿದ್ದಿದ್ದು ಅಂದರೆ, ಹನ್ನೊಂದು ಸಲ ಬರೆದದ್ದನ್ನು ಪೂರ್ತಿ ಕೈಬಿಟ್ಟೆ. ಕಾದಂಬರಿ ಈಗ ಎರಡನೇ ಅಧ್ಯಾಯದಿಂದಲೇ ಶುರುವಾಗುತ್ತದೆ.

9. ಮೂವರು ಓದುಗರು

ಹೆಚ್ಚು ಬೇಡ. ಒಬ್ಬರು ಸಾಹಿತ್ಯ ಓದುವವರು, ಒಬ್ಬರು ನೀವು ಬರೆದ ಕಸುಬು ಬಲ್ಲವರು, ಒಬ್ಬರು ಬರೀ ಓದುವ ಚಟದವರು. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ. "ಎಲ್ಲಿ ನಿದ್ದೆ ಬಂತು? ಎಲ್ಲಿ ಪುಟ ಹಾರಿಸಿದ್ರಿ?" ಅಂತ ಕೇಳಿ. ಇಬ್ಬರು ಒಂದೇ ಪುಟ ಹೇಳಿದರೆ ವಾದಕ್ಕಿಳಿಯದೆ ಆ ಪುಟಕ್ಕೆ ಹೋಗಿ.

ನೆಂಟರಿಗೆ ಕರಡು ಕೊಡಬೇಡಿ. ನನ್ನ ಹತ್ತಿರದ ಬಂಧುವೊಬ್ಬರು ದೊಡ್ಡಣ್ಣನ ಪಾತ್ರ ತಾವೇ ಅಂತ ತೀರ್ಮಾನಿಸಿ ಎಂಟು ತಿಂಗಳು ಮಾತು ಬಿಟ್ಟಿದ್ದರು. ಅವರನ್ನು ನೆನೆದೂ ಇರಲಿಲ್ಲ. ನಿಜವಾಗಿ ಯಾರನ್ನು ನೆನೆದಿದ್ದೆನೋ ಅವರು "ಇಂಥ ಜನಾನೂ ಇರ್ತಾರೆ ನೋಡು" ಅಂದರು.

10. ಅಚ್ಚಿಗೆ

ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದು ನಿಮ್ಮ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಹಾಗಾಗಿ ಪ್ರಕಾಶಕರ ಒಪ್ಪಂದದಲ್ಲಿ ಅಚ್ಚಿನ ಹಕ್ಕಿನ ಜೊತೆಗೆ ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರೆ ಸಹಿ ಹಾಕುವ ಮುಂಚೆ ಬಿಡಿಸಿ ಕೇಳಿ. ಪ್ರತಿ ಪುಸ್ತಕದ ಗುರುತಿಗೆ ಇರುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಒಬ್ಬ ಪ್ರಕಾಶಕರು ಅದಕ್ಕೆಂದೇ ನನ್ನ ಹತ್ತಿರ ದುಡ್ಡು ಕೇಳಿದ್ದರು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ ಇದೆ, ಅರ್ಜಿ ಕರೆದಾಗ ನಿಯಮ ಓದಿಕೊಂಡು ಹಾಕಿ.

ಕೊನೆಯ ಗುಂಡಿ ಅಕ್ಷರದ್ದು. ನಾವು ಫೋನಿನಲ್ಲಿ ಬರೆಯುವುದು ಯೂನಿಕೋಡ್. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನಡೆಯುವುದು ಹಳೆಯ ನುಡಿ ಫಾಂಟು. ಒಂದರಿಂದ ಇನ್ನೊಂದಕ್ಕೆ ಹಾಕುವಾಗ, ಅದರಲ್ಲೂ ಆಚೆಗೊಮ್ಮೆ ಈಚೆಗೊಮ್ಮೆ ಆದಾಗ, ಅರ್ಕಾವತ್ತು ಜಾಗ ತಪ್ಪುತ್ತದೆ. "ಸೂರ್ಯ" ಹೋಗಿ "ಸೂಯರ್" ಆಗುತ್ತದೆ, "ಕಾರ್ಯ" ಹೋಗಿ "ಕಾಯರ್". ಪ್ರೂಫ್ ನೋಡುವಾಗ ಕಥೆ ಓದಬೇಡಿ, ಓದಿದರೆ ಕಣ್ಣು ತಾನೇ ಸರಿ ಮಾಡಿಕೊಂಡು ಮುಂದೆ ಹೋಗುತ್ತದೆ. ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ, ಪದ ಪದವಾಗಿ ನೋಡಿ. ಅಚ್ಚಿಗೆ ಹೋಗುವ ಕೊನೆಯ ಪಿಡಿಎಫ್ ನಿಮ್ಮ ಕೈಗೆ ಬರದೆ ಒಪ್ಪಿಗೆ ಕೊಡಬೇಡಿ.

ನಾನು ಮೂರು ಪ್ರೂಫ್ ನೋಡಿದೆ. ಆದರೂ 112ನೇ ಪುಟದಲ್ಲಿ, ಅಣ್ಣ ಬೀಗದ ಕೈ ತಂದು ತಮ್ಮನ ಜಗುಲಿಯ ಮೇಲಿಟ್ಟು ಮಾತಾಡದೆ ತಿರುಗಿ ಹೋಗುವ ಸಂಜೆ, ತೋಟದ ಹಿಂದೆ ಸೂಯರ್ ಮುಳುಗುತ್ತಿದ್ದಾನೆ.